ಲಾಡಿಯ ಇನ್ನೊಂದು ತುದಿ

ಪ್ರಶ್ನೆ: ಹಾಫ್ ಮ್ಯಾರಥಾನ್ (21.1 ಕಿ.ಮೀ.) 2 ಗಂಟೆಯೊಳಗೆ ಮುಗಿಸಬೇಕೆಂದು ಎರಡು ವರ್ಷದಿಂದ ಓಡುತ್ತಿದ್ದೇನೆ. 2 ಗಂಟೆ 4 ನಿಮಿಷಕ್ಕೆ ಬಂದು ನಿಂತಿದೆ. ಮುಂದಿನ ಓಟಕ್ಕೆ ಇನ್ನು ಎಂಟು ವಾರ. ನಮ್ಮ ಪಕ್ಕದ ಮನೆಯ ಅಣ್ಣನಿಗೆ ಕಣ್ಣು ಒಂದಿಷ್ಟೂ ಕಾಣುವುದಿಲ್ಲ. ಜೊತೆಗಿದ್ದು ಅವರನ್ನು ಓಡಿಸುತ್ತಿದ್ದವರು ಊರು ಬಿಟ್ಟಿದ್ದಾರೆ, ಈ ಸಲ ನೀನು ಬಾರಪ್ಪ ಅನ್ನುತ್ತಿದ್ದಾರೆ. ಅವರಿಗೆ 10 ಕಿ.ಮೀ.ಗೆ 1 ಗಂಟೆ 8 ನಿಮಿಷ ಬೇಕು. ಅವರನ್ನೂ ಓಡಿಸಿ ನನ್ನ ಗುರಿಯನ್ನೂ ಉಳಿಸಿಕೊಳ್ಳಬಹುದೇ?
– ಓದುಗ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಆಗುವುದಿಲ್ಲ. ನಿಮ್ಮ ಗುರಿಗೆ ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್ ಬೇಕು. ಅವರ ಲೆಕ್ಕ ಹಿಡಿದರೆ, ದೂರ ಹೆಚ್ಚಿದಂತೆ ವೇಗ ತಗ್ಗುವುದನ್ನೂ ಸೇರಿಸಿ, 21.1 ಕಿ.ಮೀ.ಗೆ ಹತ್ತಿರ ಹತ್ತಿರ ಎರಡೂವರೆ ಗಂಟೆ, ಅಂದರೆ ಕಿ.ಮೀ.ಗೆ 7 ನಿಮಿಷ 6 ಸೆಕೆಂಡ್. ಎರಡು ದೋಣಿಗೆ ಕಾಲಿಟ್ಟರೆ ಮುಳುಗುವವರು ಅವರು. ಈ ಸಲದ ಓಟ ಅವರದು ಎಂದು ಮೊದಲೇ ತೀರ್ಮಾನಿಸಿ. ಒಪ್ಪಿಗೆ ಇಲ್ಲದಿದ್ದರೆ ಈಗಲೇ ಹೇಳಿಬಿಡಿ, ಬೇರೆಯವರನ್ನು ಹುಡುಕಲು ಅವರಿಗೆ ಸಮಯ ಸಿಗುತ್ತದೆ.

ನಿಮ್ಮ ಎರಡು ವರ್ಷವೇನೂ ನೀರುಪಾಲಾಗಿಲ್ಲ. ಓಡಿಸುವವರ ಮುಖ್ಯ ಕೆಲಸ ಮಾತಾಡುವುದು, ಏದುಸಿರು ಬಿಡುವವರಿಂದ ಅದಾಗದು. 2 ಗಂಟೆ 4 ನಿಮಿಷದವರು ಏಳು ನಿಮಿಷದ ವೇಗದಲ್ಲಿ ಕೊನೆಯವರೆಗೂ ಮಾತಾಡಬಲ್ಲರು.

ಇಬ್ಬರೂ ಒಂದೊಂದು ತುದಿ ಹಿಡಿದು ಓಡುವ ಲಾಡಿಯನ್ನು ಹೀಗೆ ಮಾಡಿಕೊಳ್ಳಿ. ಹಿಗ್ಗದ ಹತ್ತಿ ಲಾಡಿ ಇಲ್ಲವೇ ದಪ್ಪ ಶೂ ಲೇಸು 65 ಸೆಂ.ಮೀ. ಕತ್ತರಿಸಿ, ತುದಿಗಳನ್ನು ಗಂಟು ಹಾಕಿ. ಆ ಬಳೆಯನ್ನು ಎಂಟರ ಆಕಾರಕ್ಕೆ ತಿರುಚಿದರೆ ಇಬ್ಬರಿಗೂ ಒಂದೊಂದು ಹಿಡಿ. ಎಳೆದಾಗ 30 ಸೆಂ.ಮೀ. ಮೀರಬಾರದು, ಪ್ಯಾರಾ ಅಥ್ಲೆಟಿಕ್ಸ್ ನಿಯಮವೂ ಅದೇ. ಬೆರಳಲ್ಲಿ ಹಿಡಿಯಿರಿ. ಮಣಿಕಟ್ಟಿಗೆ ಕಟ್ಟಿಕೊಂಡರೆ ಒಬ್ಬರು ಬಿದ್ದಾಗ ಇನ್ನೊಬ್ಬರನ್ನೂ ಕೆಡವುತ್ತದೆ. ಎಲಾಸ್ಟಿಕ್ ಬೇಡ, ನಿಮ್ಮ ಕೈಯ ಸುದ್ದಿ ಅವರಿಗೆ ತಡವಾಗಿ ಮುಟ್ಟುತ್ತದೆ.

ಅವರಿಗೆ ಯಾವ ಬದಿ ರೂಢಿ ಎಂದು ಕೇಳಿ. ನೀವು ಅವರ ಎಡಕ್ಕಿದ್ದರೆ ನಿಮ್ಮ ಬಲಗೈ, ಅವರ ಎಡಗೈ ಒಟ್ಟಿಗೆ ಮುಂದೆ ಹೋಗಬೇಕು. ಅವರ ಬಲಗಾಲು ಮುಂದಿದ್ದಾಗ ನಿಮ್ಮ ಎಡಗಾಲು ಮುಂದಿರುತ್ತದೆ. ಹೆಜ್ಜೆ ಹೊಂದಿಸಿಕೊಳ್ಳಬೇಕಾದವರು ನೀವು. ಲಾಡಿ ಸದಾ ಸ್ವಲ್ಪ ಸಡಿಲ ಇರಲಿ. ಬಿಗಿಯಾಯಿತೆಂದರೆ ನೀವು ಎಳೆಯುತ್ತಿದ್ದೀರಿ ಎಂದೇ ಅರ್ಥ. ಹೊಸಬರಿಗೆ ಇದು 15 ಕಿ.ಮೀ. ದಾಟಿದ ಮೇಲೆ ಶುರುವಾಗುತ್ತದೆ, ಹಳೆಯ ಗುರಿ ಕಾಲಿಗೆ ನೆನಪಾಗುವುದೇ ಆಗ!

ಮೊದಲ ದಿನ ನೀವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೇರೆಯವರ ಕೈಲಿ ನಡೆಸಿಕೊಳ್ಳಿ. ಆಮೇಲೆ ಒಂದು ವಾರ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಅಭ್ಯಾಸ, ನಂತರ ಅಮಾನಿಕೆರೆಯ ದಾರಿ. ಬಿ.ಎಚ್. ರಸ್ತೆಗೆ ಕಡೆಗೆ ಬನ್ನಿ, ಅದೂ ವಾಹನ ಬರುವ ಬದಿಯಲ್ಲಿ ನೀವಿದ್ದು.

ಸೂಚನೆ ಚಿಕ್ಕದಾಗಿರಲಿ. “ಹಂಪ್, ಮೂರು, ಎರಡು, ಒಂದು, ಏರು.” ಬರೀ “ಹುಷಾರು” ಎಂದರೆ ಅವರು ಗಾಬರಿಯಾಗಿ ನಿಲ್ಲುತ್ತಾರೆ, ಏನು ಬಂತೆಂದು ತಿಳಿಯುವುದಿಲ್ಲ. ಹಂಪೋ ಗುಂಡಿಯೋ, ಏರೋ ಇಳಿಜಾರೋ ಹೆಸರಿಟ್ಟೇ ಹೇಳಿ. ಹೆಚ್ಚಿನವರು ನೆಲ ನೋಡುತ್ತಾರೆ, ತಲೆ ಎತ್ತರದ ಕೊಂಬೆ, ಅಂಗಡಿಯ ತಗಡು ಮರೆಯುತ್ತಾರೆ. ಇಬ್ಬರಿಗೂ ಸೇರಿ ಒಂದೂವರೆ ಮೀಟರ್ ಅಗಲ ಬೇಕು. ಜಾಗ ಸಾಲದಿದ್ದರೆ “ಕಿರಿದು” ಎಂದು ಹೇಳಿ, ನಡೆದೇ ಹೋಗಿ. ನೀರಿನ ಲೋಟವನ್ನು ಅವರ ಕೈಗೆ ತಾಗಿಸಿ ಕೊಡಿ.

ಗುರಿಯ ಗೆರೆ ಅವರು ಮೊದಲು ದಾಟಬೇಕು, ಲಾಡಿ ಅಲ್ಲಿಯವರೆಗೂ ಇಬ್ಬರ ಕೈಯಲ್ಲಿರಬೇಕು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕಾಂಗೋಸ್ತ್, ಕಾಲಿನ ಸ್ನಾಯು ಸೆಳೆತ ಬಂದ ತನ್ನ ಗೈಡನ್ನು (ಓಡಿಸುವವರನ್ನು) ಬೀಳದಂತೆ ಹಿಡಿಯಲು ಕೊನೆಯ ಕೆಲವು ಮೀಟರಿನಲ್ಲಿ ಲಾಡಿ ಬಿಟ್ಟರು, ಆಗ ಕಂಚು ಕೈತಪ್ಪಿತು. ಆದ್ದರಿಂದ ನೀವೂ ಸರಿಯಾಗಿ ನೀರು ಕುಡಿಯಿರಿ. ನಿಮಗೆ ಜ್ವರ ಬಂದರೆ ಓಡಿಸಲು ಇನ್ನೊಬ್ಬರನ್ನೂ ತಯಾರು ಮಾಡಿಡಿ. ಗೈಡ್ ಬರುತ್ತಾರೆಂದು ಆಯೋಜಕರಿಗೂ ಮುಂಚೆಯೇ ತಿಳಿಸಿ.

ನಿಮ್ಮ ವೇಗ ಉಳಿಯಲು ವಾರಕ್ಕೊಂದು ಸಲ ಒಬ್ಬರೇ ಜೋರಾಗಿ ಓಡಿ. ಅವರಿಗಾಗಿ ಗುರಿ ಬಿಟ್ಟೆ ಎಂದು ಮಾತ್ರ ಅವರ ಕಿವಿಗೆ ಹಾಕಬೇಡಿ.

ಪ್ರಶ್ನೆ: ತಂಗಿಗೆ ಅರೆಬರೆ ಕಾಣುತ್ತದೆ. ಅವಳಿಗೂ ಲಾಡಿ ಬೇಕೇ?
– ಓದುಗಿ, ಕುಣಿಗಲ್

ಉತ್ತರ: ಅವಳನ್ನೇ ಕೇಳಿ. ಕೆಲವರಿಗೆ ಎರಡು ಹೆಜ್ಜೆ ಮುಂದೆ ಗಾಢ ಬಣ್ಣದ ಅಂಗಿ ತೊಟ್ಟವರು ಓಡಿದರೆ ಸಾಕು. ಆದರೆ ನಸುಕಿನಲ್ಲಿ, ಮರದ ನೆರಳು ಬಿಸಿಲು ಬೆರೆತ ಕಡೆ ಕಣ್ಣು ಕೈಕೊಡುತ್ತದೆ. ಜೇಬಿನಲ್ಲಿ ಲಾಡಿ ಇಟ್ಟುಕೊಂಡಿರಿ.