ಪ್ಲಾನಿಂಗ್ ಪಾಠ ಮಾಡುವವರ ಬಗ್ಗೆ ಸೀನಿಯರ್‌ಗಳ ಮಾತನ್ನು ಎಷ್ಟು ನಂಬಬಹುದು?

ಹಾಸನದಲ್ಲಿ ಸಿವಿಲ್ ಓದುತ್ತಿದ್ದೀರಿ. ಮುಂದಿನ ಸೆಮ್‌ಗೆ ನಗರ ಯೋಜನೆಯ ಎಲೆಕ್ಟಿವ್ ತಗೊಳ್ಳೋಣ ಅಂತಿದ್ದೀರಿ. ಪಾಠ ಮಾಡುವ ಮೇಡಂ ಬಗ್ಗೆ ಕೆಲವರು "ತುಂಬಾ ಚೆನ್ನಾಗಿ ಮಾಡ್ತಾರೆ" ಅಂದರೆ, ಕೆಲವರು "ನೋಟ್ಸ್ ಕೊಡಲ್ಲ, ಬಿಸಿಲಲ್ಲಿ ಓಡಾಡಿಸ್ತಾರೆ" ಅಂತಾರೆ. ಯಾರ ಮಾತು ಕೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ಇಬ್ಬರ ಮಾತನ್ನೂ ಕೇಳಿ. ಇಬ್ಬರೂ ಒಂದೇ ವಿಷಯ ಹೇಳುತ್ತಿರಬಹುದು.

ನಿಮ್ಮ ಮೇಡಂ ಯಾರು ಅಂತ ನನಗೆ ಗೊತ್ತಿಲ್ಲ. ನಾನೂ ಇದೇ ಊರಲ್ಲಿ ಓದಿದವನು. ನಮಗೆ ಈ ವಿಷಯ ಹೇಳಿಕೊಟ್ಟ ಸರ್ ಬಗ್ಗೆಯೂ ಸೀನಿಯರ್‌ಗಳು ಇದೇ ಎರಡು ಮಾತು ಹೇಳುತ್ತಿದ್ದರು. ಮೊದಲ ಕ್ಲಾಸಿನಲ್ಲಿ ಅವರು ಬೋರ್ಡ್ ಮುಟ್ಟಲಿಲ್ಲ. ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ಹೊಸ ಬಸ್ ಸ್ಟ್ಯಾಂಡಿನಿಂದ ಎನ್.ಆರ್. ಸರ್ಕಲ್‌ಗೆ ಹೋಗುವ ದಾರಿಯನ್ನು ನೆನಪಿನಿಂದ ಬರೆಯಿರಿ ಅಂದರು. ನಾವು ಹೋಟೆಲ್, ಬೇಕರಿ, ಮೊಬೈಲ್ ಅಂಗಡಿ ಎಲ್ಲ ಬರೆದೆವು. ನಡೆದು ಬರುವವರು ರಸ್ತೆ ಎಲ್ಲಿ ದಾಟುತ್ತಾರೆ ಅಂತ ಒಬ್ಬರೂ ಬರೆದಿರಲಿಲ್ಲ. ಚರಂಡಿ ಅಂತೂ ಯಾರ ಹಾಳೆಯಲ್ಲೂ ಇರಲಿಲ್ಲ.

ಎರಡನೇ ವಾರ ಬೆಳಿಗ್ಗೆ 7 ಗಂಟೆಗೆ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನಿಲ್ಲಿಸಿದರು. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ: ನಡೆದು ಬಂದವರು ಎಷ್ಟು, ಬೈಕ್ ಎಷ್ಟು, ಆಟೋ ಎಷ್ಟು, ಸಾಮಾನಿನ ಗಾಡಿ ಎಷ್ಟು. ನನಗೆ ಸಿಟ್ಟೇ ಬಂದಿತ್ತು. ಬೇರೆ ವಿಷಯದವರು ಎರಡನೇ ಮಾಡ್ಯೂಲ್ ಮುಗಿಸಿದ್ದರು, ನಾವು ಸೊಪ್ಪಿನ ಗಾಡಿ ಎಣಿಸುತ್ತಾ ನಿಂತಿದ್ದೆವು. ಎಣಿಸಿ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಹೆಸರಲ್ಲಿ ಕೆರೆ ಇದೆಯಲ್ಲ, ಕೆರೆ ಎಲ್ಲಿ?" ಹುಣಸಿನಕೆರೆಯಲ್ಲಿ ಈಗಲೂ ನೀರು ಕಾಣುತ್ತದೆ, ಇಲ್ಲಿ ಹೆಸರು ಮಾತ್ರ. ಮಳೆ ನೀರಿಗೆ ಮಾತ್ರ ಅದರ ಹಳೇ ದಾರಿ ಮರೆಯುವುದಿಲ್ಲ ಅಂದರು.

ಪ್ಯಾಟ್ರಿಕ್ ಗೆಡ್ಡಿಸ್ ಹೆಸರು ಕೇಳಿದ್ದು ಆ ದಿನವೇ. ಸ್ಕಾಟ್ಲೆಂಡಿನವರು, 1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಹತ್ತಾರು ಊರುಗಳ ಬಗ್ಗೆ ವರದಿ ಬರೆದವರು. ಮೊದಲು ಸರ್ವೆ, ಆಮೇಲೆ ಪ್ಲಾನ್ ಅನ್ನುವುದು ಅವರ ಪಾಠ. ಹಳೇ ಓಣಿಗಳನ್ನು ಪೂರ್ತಿ ಕೆಡವುವ ಬದಲು, ತೀರಾ ಬೇಕಾದ ಕಡೆ ಮಾತ್ರ ಬಿಡಿಸಿ ಗಾಳಿ ಬೆಳಕು ತರಬೇಕು ಅನ್ನುತ್ತಿದ್ದರು. ಪುಸ್ತಕದಲ್ಲಿ ಇದು ಎರಡು ಅಂಕದ ಪ್ರಶ್ನೆ. ಮಾರ್ಕೆಟ್ ಪಕ್ಕದ ಓಣಿಯಲ್ಲಿ ನಿಂತು ಕೇಳಿದ್ದರಿಂದ ನನಗೆ ಇವತ್ತಿಗೂ ನೆನಪಿದೆ. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಅಂದಕ್ಕಾಗಿ ಹುಟ್ಟಿದ್ದಲ್ಲ, 1898ರ ಪ್ಲೇಗ್ ಹೆದರಿಕೆಯಿಂದ ಬೆಳೆದವು ಅಂತ ಸರ್ ಹೇಳಿದ್ದೂ ಹಾಗೇ ಉಳಿದಿದೆ.

ಆದರೂ ಸೆಮ್ ಕೊನೆಯ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ನಾನು ಅವರಿಗೆ ಕಡಿಮೆ ಅಂಕವೇ ಕೊಟ್ಟೆ. ಅದು ಪೂರ್ತಿ ಸುಳ್ಳಲ್ಲ. ನಾಲ್ಕನೇ ಮಾಡ್ಯೂಲ್ ಅನ್ನು ಎರಡೇ ಕ್ಲಾಸಲ್ಲಿ ಓಡಿಸಿದರು. ಎಫ್.ಎ.ಆರ್. (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದು) ಲೆಕ್ಕ ನನಗೆ ಕಲಿಸಿದ್ದು ಹಾಸ್ಟೆಲ್‌ನ ಗೆಳೆಯ: 30×40 ಸೈಟ್ ಅಂದರೆ 1200 ಚದರಡಿ, ಎಫ್.ಎ.ಆರ್. 1.75 ಇದ್ದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಇಷ್ಟೇ ಇರುವುದು, ಕ್ಲಾಸಲ್ಲಿ ಹೇಳಬಹುದಿತ್ತು. ಇನ್ನೊಂದು ದೂರು ಇನ್ನೂ ಗಟ್ಟಿಯಾಗಿತ್ತು. ಬೇಲೂರು, ಅರಕಲಗೂಡಿನಿಂದ ದಿನಾ ಬಸ್ಸಲ್ಲಿ ಬರುವವರು 7 ಗಂಟೆಗೆ ಹೇಗೆ ಮುಟ್ಟಬೇಕು? ಅವರ ಅಟೆಂಡೆನ್ಸ್ ಹೋಯಿತು. ಇಬ್ಬರು ಹುಡುಗಿಯರು ಹೋಗಿ ನೇರವಾಗಿ ಹೇಳಿದ ಮೇಲೆ ಸರ್ ಸಮಯ ಬದಲಿಸಿದರು, ಹೋದ ಅಟೆಂಡೆನ್ಸ್ ಕೂಡ ಸರಿ ಮಾಡಿದರು. ಮೇಷ್ಟ್ರನ್ನು ಅಳೆಯುವಾಗ ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

ನಾನೀಗ ಲೇಔಟ್ ಡ್ರಾಯಿಂಗ್ ಮಾಡುವ ಒಂದು ಚಿಕ್ಕ ಆಫೀಸಿನಲ್ಲಿದ್ದೇನೆ. ನಕ್ಷೆಯಲ್ಲಿ ಹಳದಿ ಅಂದರೆ ಮನೆ, ನೀಲಿ ಅಂದರೆ ಅಂಗಡಿ, ಹಸಿರು ಅಂದರೆ ಪಾರ್ಕ್. ಬಣ್ಣ ತುಂಬುವುದನ್ನು ಯಾರು ಬೇಕಾದರೂ ವಾರದಲ್ಲಿ ಕಲಿಯುತ್ತಾರೆ. ಜಾಗಕ್ಕೆ ಹೋಗಿ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡದೆ ಗೆರೆ ಎಳೆಯಬಾರದು ಅನ್ನುವುದು ಮೈಗೆ ಹತ್ತಿದ್ದು ಆ ಸರ್‌ನಿಂದ. ಈಗ ಆ ಫಾರ್ಮ್ ಕೈಗೆ ಸಿಕ್ಕರೆ ಬೇರೆ ಥರ ತುಂಬುತ್ತೇನೆ.

ಅದಕ್ಕೇ ಹೇಳುತ್ತಿದ್ದೇನೆ, ಸೀನಿಯರ್‌ಗಳನ್ನು "ಮೇಡಂ ಹೇಗೆ?" ಅಂತ ಸುಮ್ನೆ ಕೇಳಬೇಡಿ. "ಏನೇನು ಮಾಡಿಸಿದರು?" ಅಂತ ಕೇಳಿ. ಅಸೈನ್‌ಮೆಂಟ್ ತಿದ್ದಿ ವಾಪಸ್ ಕೊಡ್ತಾರಾ, ಫೀಲ್ಡ್ ರಿಪೋರ್ಟ್‌ಗೆ ಇಂಟರ್ನಲ್ಸ್‌ನಲ್ಲಿ ಎಷ್ಟು ಅಂಕ ಅಂತ ಮೊದಲೇ ಹೇಳ್ತಾರಾ, ಕೇಳಿ. ಪರೀಕ್ಷೆ ಹಿಂದಿನ ವಾರ ಯಾರನ್ನೂ ಕೇಳಬೇಡಿ, ಆಗ ಎಲ್ಲರಿಗೂ ನೋಟ್ಸ್ ಒಂದೇ ಕಾಣುವುದು. ಪಾಸಾಗಿ ಒಂದೆರಡು ವರ್ಷ ಆದವರು ಸಿಕ್ಕರೆ ಅವರನ್ನು ತಪ್ಪದೆ ಕೇಳಿ.

ನೋಟ್ಸ್ ಇಲ್ಲ ಅನ್ನುವುದೊಂದೇ ಅಡ್ಡಿ ಆದರೆ ಕೋರ್ಸ್ ಬಿಡಬೇಡಿ. ನಾನು ಕೈಯಲ್ಲಿ ಬರೆದಿಟ್ಟ ನಾಲ್ಕನೇ ಮಾಡ್ಯೂಲ್ ಲೆಕ್ಕಗಳು ಇನ್ನೂ ಇವೆ. ಬೇಕಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಫೋಟೊ ತೆಗೆದು ಹಾಕುತ್ತೇನೆ.