ಲೋಹಕ್ಕೂ ಉಕ್ಕಿಗೂ ಇರುವ ವ್ಯತ್ಯಾಸವೇನು?

ಲೋಹವೆಂಬುದು ಚಿನ್ನ, ತಾಮ್ರ, ಕಬ್ಬಿಣ ಮೊದಲಾದವುಗಳ ಇಡೀ ವರ್ಗ. ಉಕ್ಕು ಆ ವರ್ಗಕ್ಕೆ ಸೇರಿದ, ಕಬ್ಬಿಣಕ್ಕೆ ಅಲ್ಪ ಇಂಗಾಲ ಬೆರೆತ ಒಂದು ಮಿಶ್ರಲೋಹ ಮಾತ್ರ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ ಹಿಂದೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದುದು ಕಬ್ಬಿಣದ ಅದಿರು. ಅಂಥ ಅದಿರನ್ನು ಕುಲುಮೆಯಲ್ಲಿ ಕರಗಿಸಿದಾಗ ಮೊದಲು ದೊರೆಯುವ ಬೀಡುಕಬ್ಬಿಣದಲ್ಲಿ ಸುಮಾರು ಶೇ. 4ರಷ್ಟು ಇಂಗಾಲವಿರುವುದರಿಂದ ಅದು ಸುತ್ತಿಗೆಯ ಪೆಟ್ಟಿಗೆ ಒಡೆದುಹೋಗುತ್ತದೆ. ಇಂಗಾಲವನ್ನು ಶೇ. 2ಕ್ಕಿಂತ ಕೆಳಗೆ, ಸಾಮಾನ್ಯವಾಗಿ ಶೇ. 1ಕ್ಕೂ ಕೆಳಗೆ ಇಳಿಸಿದರೆ ಉಕ್ಕಾಗುತ್ತದೆ. ಆ ಅಲ್ಪ ಇಂಗಾಲವೇ ಇದರ ಜೀವಾಳ: ಕಾಫಿ ತೋಟದ ಕತ್ತಿಯನ್ನು ಕಮ್ಮಾರರು ಕೆಂಪಗೆ ಕಾಯಿಸಿ ನೀರಿಗದ್ದಿದಾಗ ಅಲಗು ಗಡುಸಾಗುವುದು ಅದರಿಂದಲೇ, ಅಪ್ಪಟ ಕಬ್ಬಿಣಕ್ಕೆ ಹಾಗೆ ಹದ ಹಿಡಿಯುವುದಿಲ್ಲ. ಅಡುಗೆಮನೆಯ ಸ್ಟೀಲ್ ಪಾತ್ರೆಯೂ ಉಕ್ಕೇ. ಅದಕ್ಕೆ ಸುಲಭವಾಗಿ ತುಕ್ಕು ಹಿಡಿಯದಿರುವುದು ಕನಿಷ್ಠ ಶೇ. 10.5ರಷ್ಟು ಬೆರೆತಿರುವ ಕ್ರೋಮಿಯಂನಿಂದಾಗಿ.