ಓದುಗರ ಪ್ರಶ್ನೆ: ದಕ್ಷಿಣ ಚೀನಾ ಸಮುದ್ರದ ಮೀನುಗಾರಿಕೆ ನಿಷೇಧ

ಪ್ರಶ್ನೆ: ನಮ್ಮಲ್ಲಿ ಜೂನ್, ಜುಲೈ ಬೋಟುಗಳು ಬಂದರಿನಲ್ಲೇ ನಿಲ್ಲುತ್ತವೆ. ಚೀನಾವೂ ಹಾಗೆಯೇ ನಿಷೇಧ ಹಾಕಿದರೆ ವಿಯೆಟ್ನಾಂ, ಫಿಲಿಪ್ಪೀನ್ಸ್ ಪ್ರತಿ ವರ್ಷ ವಿರೋಧಿಸುವುದೇಕೆ? – ಮಲ್ಪೆಯ ಓದುಗರು

ಉತ್ತರ: ನೀರು ಯಾರದೆಂಬುದೇ ಜಗಳ. ನಮ್ಮ 61 ದಿನಗಳ ನಿಷೇಧಕ್ಕೆ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಆದೇಶವಿದೆ, ಅಲ್ಲಿಂದ 200 ಮೈಲಿವರೆಗೆ ಕೇಂದ್ರದ್ದು. ಚೀನಾ 1999ರಿಂದ 12 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿನ ನೀರಿನಲ್ಲಿ ನಿಷೇಧ ಹೇರುತ್ತಿದೆ. ಮೊದಲು ಎರಡು ತಿಂಗಳಿದ್ದ ಅವಧಿ 2017ರಿಂದ ಮೇ 1ರಿಂದ ಆಗಸ್ಟ್ 16ರವರೆಗೆ ಬೆಳೆದಿದೆ. ಭೂಪಟದಲ್ಲಿ ಆ ಗೆರೆಯ ಮೇಲೆ ಬೆರಳು ಸರಿಸಿ ನೋಡಿ: ಪಶ್ಚಿಮದಲ್ಲಿ ಅದು ವಿಯೆಟ್ನಾಂ ಕರಾವಳಿಯನ್ನು ನ್ಯಾ ಚಾಂಗ್ ಹತ್ತಿರ ಮುಟ್ಟುತ್ತದೆ, ಪೂರ್ವದಲ್ಲಿ ಪಲವಾನ್ ದ್ವೀಪದ ಉತ್ತರಕ್ಕೆ ಹೋಗುತ್ತದೆ. ಲುಜಾನ್ ದ್ವೀಪದಿಂದ ಸುಮಾರು 120 ಮೈಲಿ ದೂರದ ಸ್ಕಾರ್ಬರೋ ದಿಬ್ಬವೂ ನಿಷೇಧದೊಳಗೇ ಬರುತ್ತದೆ. ಇದನ್ನೆಲ್ಲ ‘ಅಂತರರಾಷ್ಟ್ರೀಯ ನೀರು’ ಎನ್ನುವುದು ತಪ್ಪು. ಇದರಲ್ಲಿ ಬಹುಪಾಲು ಯಾವುದಾದರೊಂದು ದೇಶದ 200 ಮೈಲಿಯ ಆರ್ಥಿಕ ವಲಯದೊಳಗಿದೆ, ಅಂದರೆ ಅಲ್ಲಿನ ಮೀನಿನ ಮೇಲೆ ಹಕ್ಕು ಆ ಕರಾವಳಿ ದೇಶದ್ದು.

ಫಿಲಿಪ್ಪೀನ್ಸ್ ಚೀನಾ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಹೂಡಿದ ದಾವೆಯಲ್ಲಿ 2016ರ ಜುಲೈ 12ರಂದು ತೀರ್ಪು ಬಂತು. 2012ರ ನಿಷೇಧವನ್ನು ಚೀನಾ ತನ್ನ ಧ್ವಜದ ಹಡಗುಗಳಿಗೆ ಸೀಮಿತಗೊಳಿಸದೆ ಫಿಲಿಪ್ಪೀನ್ಸ್‌ನ ವಲಯಕ್ಕೂ ಹಬ್ಬಿಸಿದ್ದು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 56ನೇ ವಿಧಿಯ ಉಲ್ಲಂಘನೆ ಎಂದು ನ್ಯಾಯಮಂಡಳಿ ಹೇಳಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ.

ಪ್ರಶ್ನೆ: ಗಾಳ ಹಾಕುವವರಿಗೆ ಅಲ್ಲಿ ವಿನಾಯಿತಿ ಇದೆಯಂತೆ. ಯಾಕೆ? – ಹೊನ್ನಾವರದ ಓದುಗರು

ಉತ್ತರ: ಇದೆ, ಅದು ಸರಿಯೂ ಹೌದು. ಗಾಳಕ್ಕೆ ಒಂದೊಂದೇ ಮೀನು ಸಿಗುತ್ತದೆ, ಕೊಕ್ಕೆ ದೊಡ್ಡದಿದ್ದರೆ ಮರಿಗೆ ಕಚ್ಚಲಾಗದು. ಟ್ರಾಲ್ ಬಲೆಯ ಕಥೆ ಬೇರೆ. ಎಳೆತ ಬಿದ್ದೊಡನೆ ವಜ್ರಾಕಾರದ ಕಣ್ಣುಗಳು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತವೆ. ತುದಿಚೀಲ ತುಂಬಿದಂತೆ ಹಿಂದಿನ ಮೀನೇ ಗೋಡೆಯಾಗುತ್ತದೆ, ಹಾಗಾಗಿ ಕಣ್ಣಿನ ಅಳತೆ ಕಾನೂನಿನಂತಿದ್ದರೂ ಬಹಳಷ್ಟು ಮರಿ ಹೊರಬೀಳುವುದಿಲ್ಲ. ಮೊಟ್ಟೆಯಿಟ್ಟ ನಂತರದ ವಾರಗಳಲ್ಲಿ ಇಂಥ ಬಲೆ ನಿಂತರೆ ಮುಂದಿನ ಹಂಗಾಮಿಗೆ ಮೀನು ಉಳಿಯುತ್ತದೆ. ಆದರೆ ಆಗಸ್ಟ್ 16ರಂದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿದಾಗ ಉಳಿದದ್ದು ಕೆಲವೇ ವಾರಗಳಲ್ಲಿ ಬಲೆಗೆ ಬೀಳುವ ಅಪಾಯವೂ ಇದೆ. ಬೋಟುಗಳ ಸಂಖ್ಯೆ ಕಡಿಮೆ ಮಾಡದ ನಿಷೇಧ ಅರ್ಧ ಔಷಧ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪರದೇಶದ ಆರ್ಥಿಕ ವಲಯದಲ್ಲಿ ಸಿಕ್ಕಿಬಿದ್ದವರಿಗೆ ಜೈಲಾಗುತ್ತದೆಯೇ?

ಉತ್ತರ: ಅದೇ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿಯಂತೆ, ದೇಶಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ ಮೀನುಗಾರಿಕೆ ತಪ್ಪಿಗೆ ಜೈಲುಶಿಕ್ಷೆ ಕೊಡುವಂತಿಲ್ಲ. ಭದ್ರತಾ ಹಣ ಕಟ್ಟಿದರೆ ಹಡಗನ್ನೂ ಸಿಬ್ಬಂದಿಯನ್ನೂ ಬೇಗ ಬಿಡಬೇಕು. ವಲಯವೇ ಯಾರದೆಂದು ತೀರ್ಮಾನವಾಗದ ಕಡೆ ಈ ರಕ್ಷಣೆ ಬಡವನ ಪಾಲಿಗೆ ಕಾಗದದ ಮೇಲೆಯೇ ಉಳಿಯುತ್ತದೆ.

ಪ್ರಶ್ನೆ: ಇಬ್ಬರೂ ಕೂಡಿ ನಿಯಮ ಮಾಡಿದ್ದು ಎಲ್ಲಾದರೂ ಉಂಟೇ?

ಉತ್ತರ: ಉಂಟು. ಟಾಂಕಿನ್ ಕೊಲ್ಲಿಯಲ್ಲಿ ಚೀನಾ, ವಿಯೆಟ್ನಾಂ 2000ದಲ್ಲಿ ಗಡಿ ಗುರುತಿಸಿಕೊಂಡವು. 2004ರಲ್ಲಿ ಜಾರಿಯಾದ ಮೀನುಗಾರಿಕೆ ಒಪ್ಪಂದದಂತೆ ಜಂಟಿ ವಲಯವೂ ಇತ್ತು. ಅದರ ಅವಧಿ 2020ರಲ್ಲಿ ಮುಗಿಯಿತು.